ಚಹಾ ತಟ್ಟೆ ಸ್ಪಷ್ಟ, ಅಧ್ಯಕ್ಷರು ಮಸುಕು

ಕಮೆದಾನಿ ಪಟ್ಟಣ ಕಚೇರಿ, ಪ್ರಚಾರ ವಿಭಾಗ
ಸಂಖ್ಯೆ: ಕಪಕ/ಪ್ರಚಾರ/ಮಸುಕು/17/ಹೇಸೇ 26
ದಿನಾಂಕ: ಮಾರ್ಚ್ 24 (ಜಪಾನಿನ ಹೇಸೇ ಶಕೆ 26, ಅಂದರೆ 2014)

ವಿಷಯ: ಕ್ಲಿಕ್ಕಿಸಿದ ಮೇಲೆ ಫೋಕಸ್ ಬದಲಿಸಬಹುದಾದ ಕ್ಯಾಮೆರಾದ ಉಪಯುಕ್ತತೆ ಹಾಗೂ ಶ್ರೀಮತಿ ಕುರೊಸೆ ಮಿತ್ಸುಯೊ ಅವರನ್ನು ಮರಳಿ ಮಸುಕುಗೊಳಿಸುವ ಬಗ್ಗೆ.

ಉಲ್ಲೇಖ: (1) ಸಾರ್ವಜನಿಕರು ಕಾಲು ಅದ್ದಿ ಕೂರುವ ಬಿಸಿನೀರಿನ ತೊಟ್ಟಿಯ ಉದ್ಘಾಟನೆಯ ಫೋಟೊ. (2) ಅದನ್ನು ನೋಡಿ ಅಧ್ಯಕ್ಷರು ಕನ್ನಡಕ ಒರೆಸಿಕೊಂಡಿದ್ದು.

1. ಸದರಿ ಕ್ಯಾಮೆರಾವನ್ನು ಗುಮಾಸ್ತ ಶ್ರೀ ನೆಮೊತೊ ಅವರು ಆರು ತಿಂಗಳು ಬಳಸಿ ವರದಿ ಸಲ್ಲಿಸಿರುತ್ತಾರೆ. ಮೊದಲ ವಾರ ಸಿಬ್ಬಂದಿಯೆಲ್ಲ ಕಂಪ್ಯೂಟರಿಗೆ ಮುಗಿಬಿದ್ದು ಒಬ್ಬರ ಮೂಗಿನಿಂದ ಇನ್ನೊಬ್ಬರ ಕಿವಿಗೆ ಫೋಕಸ್ ಓಡಿಸಿದ್ದು, ಎರಡನೇ ವಾರದಿಂದ ಯಾರೂ ಅತ್ತ ಸುಳಿದಿಲ್ಲ. ದೊಡ್ಡದಾಗಿ ಮುದ್ರಿಸಿದರೆ ಫೋಟೊ ಒಡೆಯುತ್ತದೆ. ಮದುವೆ, ಮಗು, ಬೆಕ್ಕುಗಳಿಗೆ ಜೇಬಿನ ಫೋನೇ ಸಾಕೆಂದು ತೀರ್ಮಾನಿಸಲಾಗಿದೆ.

2. ‘ಆಮೇಲೆ ಸರಿಮಾಡಬಹುದು’ ಎಂಬ ಸೌಲಭ್ಯವು ಫೋಟೊಗಳಿಗೆ ಮಾತ್ರ ಅನ್ವಯಿಸುತ್ತದೆ. ಕಡತಗಳನ್ನು ಮಸುಕಾಗಿ ಬರೆದು ಕಳುಹಿಸುತ್ತಿರುವ ಒಳಚರಂಡಿ ವಿಭಾಗಕ್ಕೆ ಈ ಮೂಲಕ ಎಚ್ಚರಿಕೆ ನೀಡಲಾಗಿದೆ.

3. ಮುಚ್ಚಿಕೊಂಡ ಕಣ್ಣನ್ನು ಆಮೇಲೆ ತೆರೆಸುವ ಅಧಿಕಾರ ಸದರಿ ಕ್ಯಾಮೆರಾಗೆ ಇರುವುದಿಲ್ಲ. ಉಪಾಧ್ಯಕ್ಷರ ಮೂರೂ ಅರ್ಜಿಗಳನ್ನು ವಜಾ ಮಾಡಲಾಗಿದೆ.

4. ಫೋಕಸ್ ಬಯಸುವವರು ನಮೂನೆ-7ರಲ್ಲಿ ಸಹಿಯ ಬದಲಿಗೆ ಏಳು ಅಧಿಕಾರಿಗಳ ಹೆಸರಿನ ಮೊಹರು ಪಡೆಯತಕ್ಕದ್ದು. ವಾಡಿಕೆಯಂತೆ ಕಿರಿಯರ ಮೊಹರು ಹಿರಿಯರ ಮೊಹರಿನತ್ತ ತುಸು ವಾಲಿ ನಮಸ್ಕರಿಸತಕ್ಕದ್ದು. ಬೆನ್ನುನೋವಿನ ನೆಪದಲ್ಲಿ ಮೊಹರನ್ನು ನೆಟ್ಟಗೆ ಒತ್ತುವಂತಿಲ್ಲ.

5. ಕಚೇರಿಯ ಪತ್ರಿಕೆ ‘ಪಟ್ಟಣ ವಾರ್ತೆ’ಯ ಮುಖಪುಟದಲ್ಲಿ, ಟೇಪು ಕತ್ತರಿಸುತ್ತಿರುವ ಅಧ್ಯಕ್ಷರು ಮಸುಕಾಗಿಯೂ, ಹಿಂದೆ ಚಹಾ ತಟ್ಟೆ ಹಿಡಿದು ನಿಂತ ಕಚೇರಿಯ ಚಹಾ ಸಹಾಯಕಿ ಮಿತ್ಸುಯೊ ಅವರು ಹುಬ್ಬಿನ ಕೂದಲು ಎಣಿಸುವಷ್ಟು ಸ್ಪಷ್ಟವಾಗಿಯೂ ಅಚ್ಚಾಗಿರುತ್ತಾರೆ. ವಿವರಣೆ ಕೇಳಲಾಗಿ ಶ್ರೀ ನೆಮೊತೊ, “ಮೂವತ್ತೊಂದು ವರ್ಷದ ಫೋಟೊ ಎಲ್ಲಾ ತೆಗೆದು ನೋಡ್ದೆ ಸಾರ್. ಎಲ್ಲದ್ರಲ್ಲೂ ಅವ್ರಿದಾರೆ, ಒಂದ್ರಲ್ಲೂ ಮುಖ ಕಾಣ್ಸಲ್ಲ. ಮೂವತ್ತೊಂದನೇ ತಾರೀಕು ರಿಟೈರ್ ಆಗ್ತಾರೆ. ಒಂದಾದ್ರೂ ಇರ್ಲಿ ಅಂತ ಫೋಕಸ್ ಹಿಂದಕ್ಕೆ ತಳ್ಳಿದೆ” ಎಂದಿರುತ್ತಾರೆ. ಇದು ನಿಯಮಬದ್ಧ ಉತ್ತರವಲ್ಲ.

6. ಶ್ರೀಮತಿ ಮಿತ್ಸುಯೊ ಅವರು, “ನಾನೇನು ಕೇಳಿರ್ಲಿಲ್ಲಪ್ಪ. ಬಂದಿದ್ದು ಬಂತು, ಇನ್ನು ಅಳಿಸ್ಬೇಡಿ. ತೀರಿಹೋದ ನಮ್ಮೆಜಮಾನ್ರ ಫೋಟೊ ಪಕ್ಕ ಇಡೋಕೆ ನನ್ನದು ಅಂತ ಒಂದೂ ಇರ್ಲಿಲ್ಲ” ಎಂದು ತಿಳಿಸಿ, ವಿಚಾರಣಾ ಸಮಿತಿಗೆ ಚಹಾ ನೀಡಿರುತ್ತಾರೆ. ಚಹಾ ಎಂದಿನಂತೆ ಚೆನ್ನಾಗಿತ್ತು.

7. ಸದರಿ ಮುಖಪುಟದ ಕರಡಿನ ಮೇಲೆ ಅಧ್ಯಕ್ಷರದೂ ಸೇರಿ ಏಳೂ ಮೊಹರುಗಳಿರುವುದು ತಪಾಸಣೆಯಲ್ಲಿ ಕಂಡುಬಂದಿದೆ. ಆದ್ದರಿಂದ, ಮೊಹರು ಒತ್ತುವ ಮೊದಲು ಕಾಗದವನ್ನು ನೋಡುವುದು ಮೇಲಧಿಕಾರಿಗಳಿಗೆ ಅಗೌರವವಲ್ಲವೆಂದು ಸ್ಪಷ್ಟಪಡಿಸಲಾಗಿದೆ.

8. ದಿನಾಂಕ 31ರ ಸಂಜೆ 5.15ರೊಳಗೆ ಫೋಕಸ್ಸನ್ನು ಅಧ್ಯಕ್ಷರ ಮೇಲೆ ತಂದು, ಹಂಚಿದ ಪ್ರತಿಗಳನ್ನು ಹಿಂಪಡೆದು ನಾಶಪಡಿಸತಕ್ಕದ್ದು. ಈವರೆಗೆ ವಾಪಸಾದ ಪ್ರತಿ ಒಂದು, ಅದರಲ್ಲಿಯೂ ಮುಖಪುಟವಿರಲಿಲ್ಲ. ಅಧ್ಯಕ್ಷರ ತಾಯಿಯವರು “ನಮ್ಮ ಹುಡುಗ ಇದ್ರಲ್ಲೇ ಚೆನ್ನಾಗಿ ಕಾಣ್ತಾನೆ, ಕೊಡಲ್ಲ” ಎಂದಿರುತ್ತಾರೆ.

(ಏಳೂ ಮೊಹರುಗಳು, ಸಾಲಾಗಿ)
ಮುಖ್ಯಸ್ಥರು, ಪ್ರಚಾರ ವಿಭಾಗ

ಪ್ರತಿಗಳು:
1. ಅಧ್ಯಕ್ಷರಿಗೆ, ದಪ್ಪ ಅಕ್ಷರಗಳಲ್ಲಿ.
2. ಒಳಚರಂಡಿ ವಿಭಾಗಕ್ಕೆ, ಮಸುಕಾಗಿ.
3. ಶ್ರೀ ನೆಮೊತೊ ಅವರಿಗೆ, ಮೂಲ ಫೋಟೊ ಹಾಜರುಪಡಿಸಲು.
4. ಶ್ರೀಮತಿ ಕುರೊಸೆ ಮಿತ್ಸುಯೊ, ಚಹಾ ಕೋಣೆ.

ವಿ.ಸೂ.: ಈ ಸುತ್ತೋಲೆಯನ್ನು ಏಳೂ ಅಧಿಕಾರಿಗಳು ಈ ಬಾರಿ ಓದಿಯೇ ಮೊಹರು ಒತ್ತಿರುತ್ತಾರೆ. ಮೊಹರುಗಳು ಎಡಕ್ಕೆ, ಅಧ್ಯಕ್ಷರ ಮೊಹರಿನತ್ತ ವಾಲಬೇಕಾಗಿದ್ದು, ಯಾರಿಗೂ ಬಾಗಬೇಕಿಲ್ಲದ ಅಧ್ಯಕ್ಷರದೂ ಸೇರಿ ಏಳಕ್ಕೆ ಏಳೂ ಕೆಳಕ್ಕೆ, ನಾಲ್ಕನೇ ಪ್ರತಿಯ ಹೆಸರಿನತ್ತ ವಾಲಿರುವುದು ಕಂಡುಬಂದಿದೆ. ಈ ಬಗ್ಗೆ ಕ್ರಮವನ್ನು ಆಮೇಲೆ ಕೈಗೊಳ್ಳಲಾಗುವುದು.