ಕಾಲು ತಗುಲಿದ ಲೆಕ್ಕ, ಕತ್ತಿ ತಗುಲಿದ ಲೆಕ್ಕ

ಮಕ್ಕಳ ಕೈಗೆ ಕತ್ತಿ ಕೊಟ್ಟು, ಚುಚ್ಚು ಅಂತ ಹೇಳಿಕೊಟ್ಟು, ಚುಚ್ಚಿದ ಮೇಲೆ ಕೈಕುಲುಕು ಅಂತ ಬುದ್ಧಿ ಹೇಳೋ ಕೆಲಸ ನನ್ನದು. ಇಂಥ ಕೆಲಸದಲ್ಲಿ ವಾರಕ್ಕೊಂದು ತಮಾಷೆ ನಡೆದಿಲ್ಲ ಅಂದರೆ ಆ ವಾರ ಶಾಲೆಗೆ ರಜೆ ಇತ್ತು ಅಂತಲೇ ಅರ್ಥ. ಕೆಜಿಎಫ್‌ನ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್ ನಾನು. ಖೋ ಖೋ, ಕಬಡ್ಡಿ ಜೊತೆಗೆ ಫೆನ್ಸಿಂಗ್, ಅಂದರೆ ಕತ್ತಿವರಸೆ ಆಟವನ್ನೂ ಕಲಿಸ್ತೀನಿ. ಶಾಲೆಯ ಉದ್ದನೆ ಜಗಲಿಯೇ ನಮ್ಮ ಅಖಾಡ. ಚಿನ್ನದ ಗಣಿಯ ಬೂದಿಮಣ್ಣು ಸುರಿದ ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ಬೀಸಿದ ದಿನ ಮಕ್ಕಳ ಬಿಳಿ ಜಾಕೀಟೆಲ್ಲ ಬೂದಿ ಬಣ್ಣ. ಒಗೆಯೋ ಅಮ್ಮಂದಿರ ಬೈಗುಳವೆಲ್ಲ ನನಗೆ.

ಈಗ ಹೇಳೋದೆಲ್ಲ ಒಬ್ಬಳೇ ಹುಡುಗಿಯ ಸುತ್ತ ನಡೆದದ್ದು. ನನಗೆ ಕೋಪ ಜಾಸ್ತಿ ಅಂತ ಇಡೀ ಶಾಲೆಗೆ ಗೊತ್ತು. ಆ ಹುಡುಗಿ ನನ್ನ ಕೋಪವನ್ನೂ ಸೋಲಿಸಿಬಿಟ್ಟಳು.

೧. ಬಗ್ಗಿ ಕೆಟ್ಟವಳು

ಹುಡುಗಿಗೆ ಹದಿಮೂರು ವರ್ಷ. ಕ್ಯಾಸಂಬಳ್ಳಿ ಕಡೆಯ ಹಳ್ಳಿಯಿಂದ ಬಸ್ಸಲ್ಲಿ ಬರ್ತಾಳೆ. ಅಪ್ಪ ಅಮ್ಮ ಇಬ್ಬರೂ ಬಂಗಾರಪೇಟೆಯಿಂದ ಬೆಳಗಿನ ರೈಲು ಹಿಡಿದು ಕೂಲಿಗೆ ಹೋಗೋರು. ಮನೆ, ಎರಡು ಹಸು, ಈ ಹುಡುಗಿ, ಮೂರೂ ಅಜ್ಜಿಯ ಸುಪರ್ದಿನಲ್ಲಿ. ಅಜ್ಜಿ ಜೊತೆ ದಿನಾ ಹಾಲು ಕರೆದು ಕರೆದು ಹುಡುಗಿಯ ಮಣಿಕಟ್ಟು ಉಕ್ಕಿನ ಹಾಗಾಗಿತ್ತು. ಕತ್ತಿ ಹಿಡಿದ ಮೊದಲ ದಿನವೇ ನನಗೆ ಆಸೆ ಹುಟ್ಟಿತು.

ಜಿಲ್ಲಾ ಆಯ್ಕೆ ಬಂಗಾರಪೇಟೆಯಲ್ಲಿತ್ತು. ನಾವು ಆಡೋ ಬಗೆಯಲ್ಲಿ ಎದುರಾಳಿಯ ನೆತ್ತಿಯಿಂದ ಕಾಲ್ಬೆರಳಿನ ತನಕ ಎಲ್ಲಿ ಕತ್ತಿಯ ತುದಿ ಒತ್ತಿದರೂ ಪಕ್ಕದ ಮೇಜಿನ ಪೆಟ್ಟಿಗೆಯಲ್ಲಿ ದೀಪ ಹತ್ತುತ್ತೆ, ಒಂದು ಪಾಯಿಂಟು. ಮೊದಲು ಐದು ಮಾಡಿದವರು ಗೆದ್ದ ಹಾಗೆ. ನಮ್ಮವಳು ಚೆನ್ನಾಗಿಯೇ ಮುನ್ನುಗ್ಗಿದಳು. ಇಬ್ಬರ ಷೂ ಒಂದಕ್ಕೊಂದು ತಗುಲಿತು. ತಕ್ಷಣ ನಮ್ಮ ಮಹಾರಾಣಿ ಆಟ ನಿಲ್ಲಿಸಿ, ಬಗ್ಗಿ, ಎದುರಾಳಿಯ ಕಾಲು ಮುಟ್ಟಿ, ಕೈಯನ್ನ ಮುಖವಾಡದ ಜಾಲರಿಗೆ ಒತ್ತಿಕೊಂಡಳು! ಎದುರಿನವಳು ಆರಾಮಾಗಿ ಬೆನ್ನಿಗೆ ಚುಚ್ಚಿದಳು. ದೀಪ ಹತ್ತಿತು.

ಇನ್ನೊಂದು ಸಲ ಕಾಲು ತಗುಲಿತು, ಇನ್ನೊಂದು ಸಲ ಬಗ್ಗಿದಳು, ಇನ್ನೊಂದು ದೀಪ. ಸುಮ್ಮಸುಮ್ಮನೆ ಆಟ ನಿಲ್ಲಿಸ್ತಾಳೆ ಅಂತ ರೆಫರಿ ಹಳದಿ ಕಾರ್ಡು ತೋರಿಸಿದರು. ಅವಳು ಅದಕ್ಕೂ ಕೈಮುಗಿದಳು.

"ಏನೇ ಅದು, ಪೂಜೆ ಮಾಡಕ್ಕೆ ಬಂದಿದೀಯಾ?" ಅಂತ ರೇಗಿದೆ.

"ಕಾಲು ತಗುಲ್ತು ಮಿಸ್. ಕಣ್ಣಿಗೊತ್ಕೊಳ್ದೇ ಇದ್ರೆ ಪಾಪ ಬತ್ತದೆ ಅಂತ ಅಜ್ಜಿ ಏಳವ್ಳೆ."

"ಮೊದಲು ಕತ್ತೀಲಿ ಎದೆಗೆ ಚುಚ್ಚಿದೆಯಲ್ಲ, ಅದಕ್ಕೆ ಪಾಪ ಬರಲ್ವಾ?"

"ಅದು ಆಟ ಅಲ್ವಾ ಮಿಸ್?"

೨. ಬ್ಯಾನರ್

ಇದ್ದ ಎರಡು ಆಟವನ್ನೂ ಸೋತಳು. ಆದರೆ ಜಿಲ್ಲೆಯ ಮೊದಲ ನಾಲ್ಕು ಜನಕ್ಕೆ ರಾಜ್ಯಮಟ್ಟದಲ್ಲಿ ಆಡೋ ಹಕ್ಕು ಸಿಗುತ್ತೆ. ಅವಳ ವಯಸ್ಸಿನ ವಿಭಾಗಕ್ಕೆ ಬಂದಿದ್ದವರು ಒಟ್ಟು ಮೂರೇ ಜನ. ಹಾಗಾಗಿ ನಮ್ಮವಳು ಜಿಲ್ಲೆಗೆ ಮೂರನೆಯವಳು, ರಾಜ್ಯಮಟ್ಟಕ್ಕೆ ಅರ್ಹಳು!

ನಮ್ಮ ಹೆಡ್‌ಮಾಸ್ಟರಿಗೆ ಖುಷಿಯೋ ಖುಷಿ. ಮಾರನೇ ದಿನವೇ ಗೇಟಿಗೆ ಬ್ಯಾನರ್ ಬಿತ್ತು: ಜಿಲ್ಲೆಗೆ ತೃತೀಯ. "ರ‍್ಯಾಂಕಿಂಗ್ ಪಾಯಿಂಟ್ ಎಷ್ಟು ಬಂತು ಮೇಡಂ, ಅದನ್ನೂ ಹಾಕಿಸೋಣ" ಅಂದರು.

"ಸೊನ್ನೆ ಸಾರ್. ಪಾಯಿಂಟು ಸಿಗೋದು ರಾಜ್ಯಮಟ್ಟದಿಂದ. ಅಲ್ಲಿ ಎಷ್ಟನೇ ಜಾಗ ಬರ್ತೀವಿ ಅನ್ನೋದರ ಮೇಲೆ."

"ಹಾಗಾದ್ರೆ ಬೇಡ ಬಿಡಿ" ಅಂದರು.

ಅಜ್ಜಿ ಬ್ಯಾನರ್ ನೋಡೋಕೆ ಅಂತಲೇ ಬಸ್ಸಿಳಿದು ಬಂದರು. ಗೇಟಿನ ಮುಂದೆ ನಿಂತು, ಮೊಮ್ಮಗಳಿಂದ ಓದಿಸಿಕೊಂಡು, ಎಲ್ಲರ ಎದುರಿಗೇ ಕೇಳಿದರು, "ಆಡಿದೋರು ಎಷ್ಟು ಜನ ಇದ್ರಮ್ಮಿ?"

ಸುಳ್ಳು ಹೇಳಿದರೂ ಪಾಪ ಬರುತ್ತಲ್ಲ. ಹುಡುಗಿ, "ಮೂರು ಜನ" ಅಂದಳು.

ಅಜ್ಜಿ ತಿರುಗಿ ಹೆಡ್‌ಮಾಸ್ಟರ ಮುಖ ನೋಡಿದರು. ಹೆಡ್‌ಮಾಸ್ಟರು ಬ್ಯಾನರ್ ನೋಡಿದರು. "ಅಷ್ಟೆಲ್ಲ ಬರೆಸೋಕೆ ಜಾಗ ಸಾಲಲಿಲ್ಲಮ್ಮ" ಅಂದರು.

ಆಮೇಲೆ ಅಜ್ಜಿ ನನ್ನನ್ನ ಪಕ್ಕಕ್ಕೆ ಕರೆದರು. ದನಿ ಮೆತ್ತಗಿತ್ತು, ಮಾತು ಗಟ್ಟಿ. "ನೋಡಿ ಮೇಡಮ್ಮ, ನನ್ ಕೈ ಮೊದಲ್ನಂಗಿಲ್ಲ. ಒತ್ತಾರೆ ಎರಡು ಅಸ ಕರ್ಯಾಕೆ ಈ ಉಡುಗಿ ಬೇಕು. ನಿಮ್ ಮಾತಿಗೆ ಈ ಒಂದು ಸಲ ಬಿಡ್ತೀನಿ. ರಾಜ್ಯದ ತಂಡಕ್ಕೆ ಸೇರ್ಕೊಂಡ್ರೆ ಸರಿ. ಇಲ್ಲಾಂದ್ರೆ ಕತ್ತಿ ನಿಮ್ಮತ್ರ, ಉಡುಗಿ ನನ್ನತ್ರ."

ರಾಜ್ಯದ ತಂಡಕ್ಕೆ ಸೇರಬೇಕಾದರೆ ಅಲ್ಲೂ ಮೊದಲ ನಾಲ್ಕರಲ್ಲಿ ಬರಬೇಕು. ಅಲ್ಲಿ ಬರೋರು ಮೂರು ಜನ ಅಲ್ಲ!

೩. ಫ್ಯಾಟ್ ಬಂತಾ?

ರಾಜ್ಯಮಟ್ಟದ ಲೆಕ್ಕವನ್ನ ಮಕ್ಕಳಿಗೆ ಹೇಳೋಣ ಅಂತ ಬೋರ್ಡಿನ ಮುಂದೆ ನಿಂತೆ. ಮೊದಲು ಗುಂಪಿನ ಆಟ. ಆರು ಜನರ ಗುಂಪಲ್ಲಿ ಎಲ್ಲರೂ ಎಲ್ಲರ ಜೊತೆ ಆಡಬೇಕು. ಆಮೇಲೆ ಎಲ್ಲ ಗುಂಪನ್ನೂ ಸೇರಿಸಿ ಒಂದೇ ಪಟ್ಟಿ. ಜಾಸ್ತಿ ಗೆದ್ದವರು ಮೇಲೆ. ಗೆಲುವು ಸಮ ಬಂದರೆ, ಚುಚ್ಚಿದ್ದರಲ್ಲಿ ಚುಚ್ಚಿಸಿಕೊಂಡದ್ದನ್ನ ಕಳೆದು ನೋಡಬೇಕು. ಮುಕ್ಕಾಲು ಗಂಟೆ ಗಂಟಲು ಹರಿದುಕೊಂಡೆ. ಒಬ್ಬ ಹುಡುಗ, "ಮಿಸ್, ಇದು ಪರೀಕ್ಷೇಲಿ ಬತ್ತದಾ?" ಅಂತ ಕೇಳಿದ. ಸೀಮೆಸುಣ್ಣ ಎಸೆದೆ.

ಮೊಮ್ಮಗಳನ್ನ ಕರ್ಕೊಂಡು ಹೋಗೋಕೆ ಬಂದಿದ್ದ ಅಜ್ಜಿ ಬಾಗಿಲಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದರು. "ಇಷ್ಟಕ್ಕೆ ಯಾಕಮ್ಮ ಕಿರುಚ್ತೀರಿ? ಡೇರಿಗೆ ಆಲು ಆಕಿದಂಗೆ ಅಲ್ವಾ? ಮೊದಲು ಎಷ್ಟು ಲೀಟ್ರು ಅಂತ ನೋಡ್ತಾರೆ. ಇಬ್ರುದೂ ಒಂದೇ ಲೀಟ್ರಾದ್ರೆ ಫ್ಯಾಟ್ ಯಾರ್ದು ಜಾಸ್ತಿ ಅಂತ ನೋಡ್ತಾರೆ. ಅಷ್ಟೇ ತಾನೆ?"

ಇಡೀ ತರಗತಿ "ಓ!" ಅಂತು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

ಅಜ್ಜಿ ಮೊಮ್ಮಗಳ ಕಡೆ ತಿರುಗಿ, "ಸೋತ್ರೂ ನೀರ್ ನೀರಾಗಿ ಸೋಲ್ಬೇಡ ಕಣಮ್ಮಿ, ಗಟ್ಟಿಯಾಗಿ ಸೋಲು" ಅಂದರು. ಅವತ್ತಿನಿಂದ ಜಗಲಿಯಲ್ಲಿ ಯಾರು ಸೋತು ಬಂದರೂ ಮಕ್ಕಳು ಕೇಳೋದು ಒಂದೇ ಮಾತು: "ಫ್ಯಾಟ್ ಎಷ್ಟು ಬಂತು?"

೪. ಅಜ್ಜಿಯ ತೀರ್ಪು

ಲೆಕ್ಕ ತಲೆಗೆ ಹೋಯಿತು, ಬಗ್ಗೋದು ಮಾತ್ರ ಬಿಡಲಿಲ್ಲ. ಬೈದೆ, ಮುದ್ದು ಮಾಡಿದೆ, ಮೈದಾನ ಸುತ್ತಿಸಿದೆ. ಊಹೂಂ. ಕೊನೆಗೆ ನನಗೇ ಹೊಳೆಯಿತು. ಬಗ್ಗೋದು ಹೆಂಗೂ ಬಗ್ಗುತ್ತಾಳೆ, ಕೈಯಲ್ಲಿ ಕತ್ತಿಯೂ ಇರುತ್ತೆ, ಕಾಲ್ಬೆರಳಿಗೆ ಚುಚ್ಚಿದರೂ ಪಾಯಿಂಟು ಉಂಟು! "ಬಗ್ಗು ತಾಯಿ, ಚೆನ್ನಾಗಿ ಬಗ್ಗು. ಕೈ ಬದಲು ಕತ್ತಿ ಮುಂದಕ್ಕೆ ಬರಲಿ" ಅಂದೆ.

ಹುಡುಗಿ ಬೆಚ್ಚಿಬಿದ್ದಳು. "ಆಯುಧಪೂಜೇಲಿ ಕುಂಕುಮ ಇಟ್ಟಿರೋ ಕತ್ತಿ ಮಿಸ್! ಅದನ್ನ ಕಾಲಿಗೆ ಮುಟ್ಟಿಸಾದಾ?"

ಕೇಸು ಅಜ್ಜಿಯ ಮುಂದೆ ಹೋಯಿತು. ನಾನೇ ಹಳ್ಳಿಗೆ ಹೋಗಿ ಕೊಟ್ಟಿಗೆಯಲ್ಲಿ ನಿಂತು ವಾದ ಮಂಡಿಸಿದೆ. ಅಜ್ಜಿ ಹಸುವಿನ ಕೆಚ್ಚಲು ತೊಳೆಯುತ್ತಾ ಪೂರ್ತಿ ಕೇಳಿ ತೀರ್ಪು ಕೊಟ್ಟರು. "ಕಾಲು ಮುಟ್ಟೋದು ಅಂದ್ರೆ ನಮಸ್ಕಾರ ತಾನೆ? ಕತ್ತೀನೇ ಓಗಿ ನಮಸ್ಕಾರ ಮಾಡ್ತು ಅಂದ್ಕೊ. ಕಾಲಿಗೆ ಕಾಲು ತಗುಲಿದ್ದು ಬ್ಯಾರೆ. ಅದನ್ನ ಆಟದ ಮಧ್ಯ ಮಾಡ್ಬೇಡ, ಬಾಕಿ ಇಟ್ಕೊ. ಆಟ ಮುಗಿದ್ಮೇಲೆ ಎಷ್ಟು ಸಲ ತಗುಲ್ತೋ ಅಷ್ಟು ಸಲ ಕಣ್ಣಿಗೊತ್ಕೊ. ಒಂದೂ ಬಿಡಂಗಿಲ್ಲ."

ನಾನು ನಿಟ್ಟುಸಿರು ಬಿಟ್ಟೆ. ಹಸು ನನ್ನ ಸೀರೆ ಸೆರಗು ತಿಂತಾ ಇತ್ತು.

೫. ರೈಲಿನಲ್ಲಿ ಸೀಟು

ರಾಜ್ಯಮಟ್ಟದ ಪಂದ್ಯ ಬೆಂಗಳೂರಲ್ಲಿ, ಭಾನುವಾರ. ಮಗ ಸೊಸೆ ಮನೇಲಿರ್ತಾರೆ, ಹಸು ನೋಡ್ಕೋತಾರೆ ಅಂತ ಅಜ್ಜಿಯೂ ಹೊರಟರು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಹತ್ತಿದರೆ ನಿಲ್ಲೋಕೂ ಜಾಗವಿಲ್ಲ. ಒಬ್ಬರು ನಮ್ಮ ಉದ್ದನೆ ಚೀಲ ನೋಡಿ, "ಏನಮ್ಮ ಅದು?" ಅಂದರು.

"ಕತ್ತಿ" ಅಂದೆ.

ಇಡೀ ಬೆಂಚು ಖಾಲಿಯಾಯಿತು. ನಾವು ಮೂವರೂ ಕಾಲು ಚಾಚಿ ಕೂತೆವು. ಜನ್ಮದಲ್ಲಿ ಆ ರೈಲಿನಲ್ಲಿ ನನಗೆ ಅಷ್ಟು ಮರ್ಯಾದೆ ಸಿಕ್ಕಿರಲಿಲ್ಲ. ಅಷ್ಟರಲ್ಲಿ ಸೊಪ್ಪಿನ ಗಂಟು ಹೊತ್ತಿದ್ದ ಹೆಂಗಸೊಬ್ಬಳು, "ಎಲ್ಲಿ, ತೋರಿಸ್ರಿ" ಅಂದಳು. ಅಜ್ಜಿ ಹೆಮ್ಮೆಯಿಂದ ಚೀಲ ಬಿಚ್ಚಿಸಿದರು. ಅವಳು ಕತ್ತಿಯ ಅಂಚಿನ ಮೇಲೆ ಬೆರಳೆಳೆದು, ಮೊಂಡು ತುದಿ ಅಮುಕಿ ನೋಡಿ, "ಥೂ, ಇದ್ರಲ್ಲಿ ದಂಟಿನ ಸೊಪ್ಪೂ ಕುಯ್ಯಕ್ಕಾಗಲ್ಲ" ಅಂದಳು.

ಅಷ್ಟು ಹೇಳಿದ್ದೇ ತಡ, ಎದ್ದು ಹೋದವರೆಲ್ಲ ವಾಪಸ್ ಬಂದು ನಮ್ಮನ್ನ ಒತ್ತರಿಸಿ ಕೂತರು. ಉಳಿದ ದಾರಿ ಪೂರ್ತಿ ನಾನು ನಿಂತುಕೊಂಡೇ ಹೋದೆ.

೬. ಬಾಕಿ ತೀರಿಸಿದ್ದು

ಬಂದಿದ್ದವರು ಇಪ್ಪತ್ತನಾಲ್ಕು ಹುಡುಗಿಯರು. ಗುಂಪಿನ ಆಟದ ನಂತರ ಪಟ್ಟಿಯ ಮೊದಲ ಹದಿನಾರು ಜನ ಮಾತ್ರ ಮುಂದಕ್ಕೆ, ಮಿಕ್ಕವರು ಮನೆಗೆ.

ನಮ್ಮವಳು ಎರಡು ಗೆದ್ದಳು, ಎರಡು ಸೋತಳು. ಕೊನೆಯ ಆಟದಲ್ಲಿ ಒಂದು ನಾಲ್ಕು ಹಿಂದಿದ್ದಳು. ಮುಗೀತು ಕಥೆ ಅಂತ ನಾನು ಕಣ್ಣು ಮುಚ್ಚಿಕೊಂಡೆ. ಮೇಲಿನ ಗ್ಯಾಲರಿಯಿಂದ ಅಜ್ಜಿಯ ದನಿ ಬಂತು: "ಗಟ್ಟಿಯಾಗಿ ಸೋಲಮ್ಮಿ!" ಹುಡುಗಿ ಸರಸರ ಮೂರು ಪಾಯಿಂಟು ಕಿತ್ತು ನಾಲ್ಕು ಐದರಲ್ಲಿ ಸೋತಳು. ಪಟ್ಟಿ ಅಂಟಿಸಿದರು. ಎರಡೇ ಗೆದ್ದವರು ಇನ್ನೂ ಇದ್ದರು. ಕಳೆದು ನೋಡಿದರೆ ನಮ್ಮವಳಿಗೆ ಮೂರು ಕಮ್ಮಿ, ಅವಳ ಕೆಳಗಿನವಳಿಗೆ ನಾಲ್ಕು ಕಮ್ಮಿ. ಹದಿನಾರನೇ ಹೆಸರು ನಮ್ಮವಳದು! ಅಜ್ಜಿಯ ಫ್ಯಾಟು ನಮ್ಮನ್ನ ಉಳಿಸಿತು.

ಆದರೆ ಹದಿನಾರನೆಯವಳಿಗೆ ಪಟ್ಟಿಯ ಮೊದಲನೆಯವಳೇ ಗಂಟು ಬೀಳ್ತಾಳೆ, ಅದು ನಿಯಮ. ಇನ್ನು ಮೇಲೆ ಹದಿನೈದು ಪಾಯಿಂಟಿನ ಆಟ, ಸೋತರೆ ಚೀಲ ಕಟ್ಟೋದೇ. ಆ ಮೊದಲನೆಯವಳು ಎತ್ತರದ ಹುಡುಗಿ, ಒಂದೂ ಸೋತವಳಲ್ಲ. ಎತ್ತರದವರಿಗೆ ಎದೆ ಕಾಯೋದು ಗೊತ್ತು, ಕಾಲ್ಬೆರಳು ನೆನಪಿರಲ್ಲ. ನಮ್ಮವಳು ಬಗ್ಗಿದಳು, ದೀಪ ಹತ್ತಿತು. ಮತ್ತೆ ಬಗ್ಗಿದಳು, ಮತ್ತೆ ಹತ್ತಿತು. ಹದಿನೈದು ಹನ್ನೆರಡು! ನಾನು ಕುರ್ಚಿ ಮೇಲೆ ಹತ್ತಿ ಕೂಗಿದೆ. ರೆಫರಿ ನನಗೂ ಕಾರ್ಡು ತೋರಿಸಿದರು, ತೋರಿಸಲಿ ಬಿಡಿ.

ಇನ್ನೊಂದು ಗೆದ್ದರೆ ಮೊದಲ ನಾಲ್ಕು. ಎದುರಿನವಳು ಗುಂಡುಗುಂಡಗೆ, ಮೈಮೇಲೆ ಬಿದ್ದು ಆಡೋಳು. ಕಾಲಿಗೆ ಕಾಲು ತಗುಲಿದ್ದಕ್ಕೆ ಲೆಕ್ಕವೇ ಇಲ್ಲ. ಪ್ರತಿ ಸಲ ನಮ್ಮವಳ ಎಡಗೈ ತಾನಾಗಿ ಕೆಳಗೆ ಇಳಿಯೋದು, ಅಜ್ಜಿಯ ತೀರ್ಪು ನೆನಪಾಗಿ ವಾಪಸ್ ಹೋಗೋದು. ಹದಿಮೂರು ಹದಿಮೂರು. ಹದಿನಾಲ್ಕು ಹದಿನಾಲ್ಕು. ನಾನು ನೀರಿನ ಬಾಟಲಿಯ ಮುಚ್ಚಳ ಕಚ್ಚಿ ಹಿಡಿದಿದ್ದೆ. ಮತ್ತೊಮ್ಮೆ ಕಾಲು ತಗುಲಿತು. ಈ ಸಲ ಹುಡುಗಿ ಪೂರ್ತಿ ಬಗ್ಗಿಯೇಬಿಟ್ಟಳು. ಕತ್ತಿ ಅವಳಿಗಿಂತ ಮೊದಲು ಹೋಗಿ ಎದುರಿನವಳ ಹೆಬ್ಬೆರಳಿಗೆ ನಮಸ್ಕಾರ ಮಾಡಿತು.

ದೀಪ! ಹದಿನೈದು!

ನಾನು ಅತ್ತೆ, ನಾಚಿಕೆಯಿಲ್ಲದೆ ಅತ್ತೆ. ಹುಡುಗಿ ಸಲಾಮು ಮಾಡಿದಳು, ಮುಖವಾಡ ತೆಗೆದಳು, ಕೈಕುಲುಕಿದಳು. ಆಮೇಲೆ ನೆಲಕ್ಕೆ ಮಂಡಿಯೂರಿ ಎದುರಾಳಿಯ ಕಾಲು ಮುಟ್ಟಿ ಕಣ್ಣಿಗೊತ್ತಿಕೊಳ್ಳೋಕೆ ಶುರು ಮಾಡಿದಳು. "ಒಂದು... ಎರಡು... ಮೂರು..."

ಎದುರಿನವಳು ಗಾಬರಿಯಿಂದ ತನ್ನ ಕೋಚಿನ ಮುಖ ನೋಡಿದಳು. ರೆಫರಿ ನನ್ನ ಹತ್ತಿರ ಬಂದು, "ಮೇಡಂ, ಗೆದ್ದ ಮೇಲೂ ಏನಾದರೂ ತಕರಾರಿದೆಯಾ?" ಅಂತ ಕೇಳಿದರು. "ಇಲ್ಲ ಸಾರ್, ಹಳೇ ಬಾಕಿ" ಅಂದೆ. ಹತ್ತು ಎಣಿಸಿ ಹುಡುಗಿ ಎದ್ದಳು.

"ಅನ್ನೊಂದು!" ಅಂತ ಗ್ಯಾಲರಿಯಿಂದ ಅಜ್ಜಿ ಗುಡುಗಿದರು. "ಅನ್ನೊಂದು ಸಲ ತಗುಲ್ತು, ನಾನ್ ಎಣಿಸಿವ್ನಿ! ಇನ್ನೊಂದು ಆಕು!"

ಇನ್ನೊಂದು ಹಾಕಿದಳು. ಇಡೀ ಕ್ರೀಡಾಂಗಣ ಚಪ್ಪಾಳೆ ತಟ್ಟಿತು. ಅಜ್ಜಿ ಮೆಟ್ಟಿಲಿಳಿದು ಬಂದು ನನ್ನ ತೋಳು ಹಿಡಿದು ಕೇಳಿದರು, "ಅದಿರ್ಲಿ ಮೇಡಮ್ಮ, ಗೆದ್ದೋರು ಯಾರು?"

ಮುಂದಿನ ಆಟ ಸೋತಳು, ಗಟ್ಟಿಯಾಗಿಯೇ ಸೋತಳು. ನಮ್ಮ ಆಟದಲ್ಲಿ ಮೂರನೇ ಜಾಗ ಇಬ್ಬರಿಗೆ, ಅದರಲ್ಲಿ ಒಬ್ಬಳು ನಮ್ಮವಳು. ಸೊನ್ನೆಯಿದ್ದ ಕಡೆ ಪಾಯಿಂಟು ಬಂತು, ರಾಜ್ಯದ ತಂಡದ ಪಟ್ಟಿಯಲ್ಲಿ ಹೆಸರು ಬಂತು. ಗೇಟಿಗೆ ಹೊಸ ಬ್ಯಾನರ್ ಬಿತ್ತು. ಈ ಸಲ ಹುಡುಗಿಯ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಇದ್ದದ್ದು: ಇಪ್ಪತ್ತನಾಲ್ಕು ಜನರಲ್ಲಿ!

ರಾಷ್ಟ್ರಮಟ್ಟದ ಪಂದ್ಯ ದೂರದ ಊರಲ್ಲಿ, ಒಂದು ವಾರ. ಒಪ್ಪಿಗೆ ಪತ್ರಕ್ಕೆ ಅಜ್ಜಿಯ ಹೆಬ್ಬೆಟ್ಟು ಹಾಕಿಸಿಕೊಳ್ಳೋಕೆ ಹಳ್ಳಿಗೆ ಹೋದೆ. ಅಜ್ಜಿ ಆಗಲೇ ಚೀಲ ಕಟ್ಟಿದ್ದರು. "ನಾನೂ ಓಗ್ತೀನಿ. ಅಲ್ಲಿ ಎಷ್ಟು ಸಲ ಕಾಲು ತಗುಲ್ತದೋ, ಎಣಿಸೋರು ಬ್ಯಾಡ್ವಾ?" ಅಂದರು.

"ಒಳ್ಳೇದಾಯ್ತು ಹೋಗಿ ಅಜ್ಜಿ. ತಂಡದ ಜೊತೆ ರಾಜ್ಯದ ಕೋಚು ಹೋಗ್ತಾರೆ, ನನಗೆ ಕರೆ ಇಲ್ಲ" ಅಂದೆ, ಸ್ವಲ್ಪ ಬೇಜಾರಿನಲ್ಲೇ.

ಅಜ್ಜಿಯ ಮುಖ ಅರಳಿತು. "ಅಂಗಾರೆ ನೀವು ಖಾಲಿನೇ ಇರ್ತೀರಿ. ಆಲು ಕರ್ಯಾಕೆ ಬತ್ತದಾ?"

ಆ ವಾರ ಅಲ್ಲಿ ಮೊಮ್ಮಗಳು ಕತ್ತಿ ಬೀಸಿದಳು, ಅಜ್ಜಿ ಎಣಿಸಿದರು. ಇಲ್ಲಿ ಮಗ ಸೊಸೆ ಬೆಳಗಿನ ರೈಲಿಗೆ ಓಡಿದರೆ, ನಾನು ಐದಕ್ಕೇ ಎದ್ದು ಎರಡು ಹಸು ಕರೆದೆ. ಏಳು ದಿನದಲ್ಲಿ ಹಸು ನನಗೆ ಒಂಬತ್ತು ಸಲ ಒದೀತು. ಅದು ಒಂದು ಸಲವಾದರೂ ಬಗ್ಗಿ ಕಣ್ಣಿಗೊತ್ತಿಕೊಳ್ಳಬೇಕಿತ್ತೋ ಬೇಡವೋ, ನೀವೇ ಹೇಳಿ!