ಕುಳಿತುಕೊಳ್ಳಲು ಬಾರದ ರೋಬೋಟು

ದೂರವನ್ನು ಗೆಲ್ಲುವುದು ಮನುಷ್ಯಕುಲದ ಪುರಾತನ ಹಂಬಲ. ಈ ಹಂಬಲದ ಹೆಸರಿನಲ್ಲಿ ಹನ್ನೊಂದು ವರ್ಷಗಳಿಂದ ವಿಶ್ವವಿದ್ಯಾಲಯದ ಸಂಬಳ ಪಡೆಯುತ್ತಿರುವ ನಾನು ಧಾರವಾಡದಿಂದ ಗಜೇಂದ್ರಗಡಕ್ಕೆ ಈಗಲೂ ಬಸ್ಸಿನಲ್ಲೇ ಹೋಗುತ್ತೇನೆ.

ನಮ್ಮ ಪ್ರಯೋಗಾಲಯದ್ದು ದೂರದವರನ್ನು ಮನೆಯೊಳಗೆ ತಿರುಗಾಡಿಸುವ ರೋಬೋಟು: ಕೆಳಗೆ ಚಕ್ರ, ನಡುವೆ ಕಂಬ, ಮೇಲೆ ಪರದೆ, ಪರದೆಯಲ್ಲಿ ನನ್ನ ಮುಖ. ಅದರಲ್ಲಿ ಚಕ್ರಗಳಷ್ಟೇ ನನ್ನ ಸಂಶೋಧನೆ. ಯಾರಾದರೂ ಹಿರಿಯರು ಅದರೊಡನೆ ಅರ್ಧ ಗಂಟೆ ಮನಸಾರೆ ಮಾತಾಡಬೇಕು, ಇಲ್ಲವಾದರೆ ಯೋಜನೆಯೇ ರದ್ದು ಎಂದು ಸಮಿತಿ ಹೇಳಿತ್ತು. ನಾನು ರೋಬೋಟನ್ನು ಗಜೇಂದ್ರಗಡದ ಗಂಗವ್ವತ್ತೆಯ ಮನೆಗೆ ಕಳಿಸಿದೆ. ಮಾತಿಗೆ ಅಲ್ಲಿ ಎಂದೂ ಬರಗಾಲವಿಲ್ಲ.

ಅತ್ತೆ, ಅಂದರೆ ನನ್ನಪ್ಪನ ಅಕ್ಕ, ನೇಕಾರಳು. ಕುಣಿಮಗ್ಗದವರು ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ನೆಲದ ಮಟ್ಟದಲ್ಲೇ ಕೂರುತ್ತಾರೆ. ನಾನು ಧಾರವಾಡದಿಂದಲೇ ಗುಂಡಿ ಒತ್ತಿ ಗಂಭೀರವಾಗಿ ಉರುಳಿಕೊಂಡು ಹೋಗಿ, ಆಕೆಯ ನೆತ್ತಿಯ ಮೇಲೆ ನಿಂತೆ.

“ಅರಾಮಿದ್ದೀಯೇನತ್ತಿ?”

“ಹೂಂ.”

“ಊಟಾ ಆತೇನು?”

“ಹೂಂ.”

ಹತ್ತು ನಿಮಿಷ ಇಷ್ಟೇ ನಡೆಯಿತು. ಕೊನೆಗೆ ಲಾಳಿ ನಿಲ್ಲಿಸಿ ಆಕೆಯೇ ಗದರಿದಳು: “ಹೊಂಟ ನಿಂತಾವನ ಜೋಡಿ ಏನ್ ಮಾತಾಡ್ಲೋ? ಕುಂದ್ರು ಮದ್ಲ!”

“ಇದಕ್ಕ ಕುಂದ್ರಾಕ ಬರಂಗಿಲ್ಲತ್ತಿ.”

“ಕುಂದ್ರಾಕ ಕಲಿಸಲಾರದ, ಮಂದಿ ಮನಿಗೆ ಕಳಿಸ್ತಾರೇನು?”

ನಿಂತವನ ಕಣ್ಣಿನ ಎತ್ತರವೇ ಗೌರವದ ಎತ್ತರ ಎಂದು ಪ್ರಬಂಧ ಬರೆದವನು ನಾನು. ಆಕೆಯ ಸೊಸೆ ಸುಮಿತ್ರಾ ಕಂಬವನ್ನು ತಡವಿ ನೋಡಿ, “ನಾಕ ಸ್ಕ್ರೂ ಅದಾವ್ರಿ ಅತ್ತಿ, ಬಿಚ್ಚಲೇನ್ರಿ?” ಎಂದಳು. ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಪರದೆಯನ್ನು ಕಿತ್ತು ಮಗ್ಗದ ಪಕ್ಕದ ಮಣೆಯ ಮೇಲಿಟ್ಟರು. ಚಕ್ರಗಳು ಮೂಲೆ ಸೇರಿದವು.

ಕೆಳಗಿಳಿದ ಮೇಲೆ ನನಗೆ ಬೇರೆಯೇ ಮನೆ ಕಂಡಿತು. ಲಾಳಿಯ ಓಟ ಕಂಡಿತು, ಹರಿದ ಎಳೆಯನ್ನು ಅತ್ತೆ ನೋಡದೆಯೇ ಬೆರಳಲ್ಲಿ ಹೊಸೆದು ಕೂಡಿಸುವುದು ಕಂಡಿತು. ಅದು ಹೇಗೆಂದು ಕೇಳಿದೆ. ಹೇಳುತ್ತಾ ಹೇಳುತ್ತಾ ಆಕೆ ತವರಿನ ರಾಜೂರಿಗೆ ಹೋಗಿ, ನನ್ನಪ್ಪ ಸಾಲೆ ತಪ್ಪಿಸಿ ಅಡಗುತ್ತಿದ್ದ ಕಣಜವನ್ನೂ ತೋರಿಸಿ ಬಂದಳು.

ನಡುವೆ ಆಕೆಗೆ ಅನುಮಾನ ಬಂತು. “ನೀ ಅಲ್ಲೆ ಎದರ ಮ್ಯಾಲೆ ಕುಂತೀದಿ?”

“ಖುರ್ಚಿ ಮ್ಯಾಲತ್ತಿ.”

“ಇಳಿ ಕೆಳಗ.”

ಇಳಿದೆ. ಪ್ರಯೋಗಾಲಯದ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಾಗ ವಿಭಾಗದ ಮುಖ್ಯಸ್ಥರು ಬಂದು, “ಏನರ ಕಳಕೊಂಡೀರೇನ್ರಿ?” ಎಂದರು. ಪ್ರಯೋಗ ನಡದೈತ್ರಿ ಎಂದೆ. ಅವರು ಸದ್ದಿಲ್ಲದೆ ಬಾಗಿಲು ಎಳೆದುಕೊಂಡರು.

ವರದಿಯಲ್ಲಿ ಇದ್ದದ್ದನ್ನೇ ಬರೆದೆ. ಮಾತು, ಒಂದು ಗಂಟೆ ನಲವತ್ತು ನಿಮಿಷ. ಅದರಲ್ಲಿ ಚಲನೆ, ಇಲ್ಲ. ಸಮಿತಿಗೆ ಬಹಳ ಸಂತೋಷವಾಯಿತು. ಯೋಜನೆಯನ್ನು ಇನ್ನೂ ಎರಡು ವರ್ಷ ಮುಂದುವರಿಸಿ, ಚಕ್ರಗಳನ್ನೂ ನನ್ನನ್ನೂ ಅದರಿಂದ ಕೈಬಿಟ್ಟಿತು.