ದೊಡ್ಡಮ್ಮನ ಗಾಳಕ್ಕೆ ಕೊಕ್ಕೆಯಿಲ್ಲ

ದಕ್ಷಿಣ ಕ್ಯಾಲಿಫೋರ್ನಿಯಾದ ಪಾರ್ಕುಗಳ ಕೊಳದ ದಡದಲ್ಲಿ ರಾಡ್ ಹಿಡಿದು ನಿಲ್ಲುವವರಲ್ಲಿ ನನ್ನ ದೊಡ್ಡಮ್ಮನಷ್ಟು ಶ್ರದ್ಧೆಯವರು ಇನ್ನೊಬ್ಬರಿಲ್ಲ ಎಂದು ನಾನು ಯಾವ ವೇದಿಕೆಯಲ್ಲಿ ಬೇಕಾದರೂ ವಾದಿಸಬಲ್ಲೆ. ಲೈಸೆನ್ಸ್ ಇದೆ, ರಬ್ಬರ್ ಬೂಟು ಇದೆ, ಚಳಿಗಾಲದ ಶನಿವಾರ ತಪ್ಪಿಸುವ ಅಭ್ಯಾಸವಿಲ್ಲ. ಇದುವರೆಗೆ ಎಷ್ಟು ಮೀನು ಹಿಡಿದಿದ್ದಾರೆ ಎಂದು ಕೇಳುತ್ತೀರಾ? ಒಂದೂ ಇಲ್ಲ. ಹಿಡಿಯುವ ಸಾಧ್ಯತೆಯೂ ಇಲ್ಲ. ಏಕೆಂದರೆ ಅವರ ಗಾಳಕ್ಕೆ ಕೊಕ್ಕೆಯೇ ಇಲ್ಲ!

ಮುರಿದುಹೋಗಿರಬೇಕು ಪಾಪ, ಎಂದುಕೊಳ್ಳಬೇಡಿ. ಕತ್ತರಿಸಿದ್ದು. ಕನ್ನಡಕ ಏರಿಸಿ, ಕಟಿಂಗ್ ಪ್ಲೇಯರ್ ಹಿಡಿದು, ಕೊಕ್ಕೆಯ ಬಾಗಿದ ಭಾಗವನ್ನು ಅವರೇ ಕೈಯಾರೆ ತುಂಡರಿಸಿದ್ದು.

ನಾನು ಬೆಂಗಳೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳ ಮೇಲೇ ಬೆಳೆದವಳು. ಪರವೋ ವಿರೋಧವೋ ಎಂದು ಚೀಟಿ ಎತ್ತಿದ ಮೇಲಷ್ಟೇ ನನ್ನ ಅಭಿಪ್ರಾಯವೇನೆಂದು ನನಗೂ ತಿಳಿಯುತ್ತಿತ್ತು. ಕೋವಿಡ್ಡಿನ ಎರಡನೆಯ ವರ್ಷ ಎಂಎಸ್ ಮಾಡಲು ಸ್ಯಾನ್ ಡಿಯಾಗೋಗೆ ಬಂದಾಗ, ವಾರಾಂತ್ಯದಲ್ಲಿ ಅನ್ನ ಸಾರು ಹಾಕುವವರೆಂದು ಇದ್ದದ್ದು ಎರಡು ಗಂಟೆ ದಾರಿಯ ಸೆರಿಟೋಸ್‌ನಲ್ಲಿದ್ದ ಅಮ್ಮನ ಅಕ್ಕ ಮತ್ತು ದೊಡ್ಡಪ್ಪ. ದೊಡ್ಡಮ್ಮ ಎಲ್ ಸೆಗುಂಡೋದ ಒಂದು ಕಂಪನಿಯಲ್ಲಿ ಉಪಗ್ರಹದ ಆಂಟೆನಾಗಳನ್ನು ಪರೀಕ್ಷಿಸುವ ಎಂಜಿನಿಯರ್. ಆಕಾಶದಲ್ಲಿ ತಿರುಗುವ ವಸ್ತುವಿನ ಒಂದು ಬೋಲ್ಟ್ ಸಡಿಲವಾಗಿದ್ದರೂ ಸಹಿ ಹಾಕದ ಹೆಂಗಸು. ಅಂಥವರು ನವೆಂಬರ್ ಬಂತೆಂದರೆ ಚೂಡಿದಾರದ ಮೇಲೆ ಎರಡು ಸ್ವೆಟರ್ ಏರಿಸಿ, ತಲೆಗೆ ಮಂಕಿ ಕ್ಯಾಪ್ ಎಳೆದು, ಕೊಕ್ಕೆಯಿಲ್ಲದ ಗಾಳ ಹಿಡಿದು ಕೊಳಕ್ಕೆ ಹೊರಡುತ್ತಿದ್ದರು.

ಚಳಿಗಾಲವೇ ಏಕೆ ಎಂದರೆ, ಇಲ್ಲಿನ ಕೊಳದ ನೀರು ತಣ್ಣಗಾದ ಮೇಲೆ ಲಾರಿಯಲ್ಲಿ ಟ್ರೌಟ್ ಮೀನು ತಂದು ಸುರಿಯುತ್ತಾರೆ. ಬೇಸಿಗೆಯ ಬೆಚ್ಚನೆ ನೀರು ಆ ಮೀನಿಗೆ ಆಗಿಬರುವುದಿಲ್ಲ. ಇನ್ನು ಇಲ್ಲಿನ ಚಳಿಯೋ, ಬೆಂಗಳೂರಿನವರು ಅದಕ್ಕೆ ‘ಒಳ್ಳೆ ಗಾಳಿ ಬೀಸ್ತಿದೆ’ ಅನ್ನುತ್ತಾರೆ, ಅಷ್ಟೆ. ಆದರೂ ಊರಿಗೆ ಊರೇ ಹಿಮಪರ್ವತ ಹತ್ತುವವರಂತೆ ಜಾಕೆಟ್ ತೊಟ್ಟು ಓಡಾಡುತ್ತದೆ. ದೊಡ್ಡಪ್ಪನಂತೂ ಕಾರಿನಿಂದ ಇಳಿಯುತ್ತಲೇ ಇರಲಿಲ್ಲ. ಹೀಟರ್ ಹಾಕಿಕೊಂಡು, ಕ್ರಿಕೆಟ್ ಕಾಮೆಂಟರಿ ಕೇಳುತ್ತಾ, ದೊಡ್ಡಮ್ಮ ಹುರಿದುಕೊಟ್ಟ ಅವರೆಕಾಳಿನ ಡಬ್ಬಿಯನ್ನು ಖಾಲಿ ಮಾಡುವುದು ಅವರ ಪಾಲಿನ ಮೀನುಗಾರಿಕೆ. ನಾವು ವಾಪಸು ಬಂದಾಗ ಗಾಜು ನಾಲ್ಕು ಬೆರಳಷ್ಟು ಇಳಿಸಿ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಹಿಡಿದ್ರಾ?"

ಕೊಕ್ಕೆಯೇ ಇಲ್ಲದ ಮೇಲೆ ಆ ಪ್ರಶ್ನೆ ಅಸಂಬದ್ಧ ಎಂದು ನಾನು ಪ್ರತಿ ವಾರವೂ ಅವರಿಗೆ ವಿವರಿಸುತ್ತಿದ್ದೆ. ಅವರು ಪ್ರತಿ ವಾರವೂ ಗಾಜು ಏರಿಸುತ್ತಿದ್ದರು.

ಮೊದಲ ಶನಿವಾರವೇ ನಾನು ದೊಡ್ಡಮ್ಮನನ್ನು ಅಡ್ಡಪರೀಕ್ಷೆಗೆ ಒಳಪಡಿಸಿದೆ.

"ದೊಡ್ಡಮ್ಮ, ಕೊಕ್ಕೆ ಇಲ್ಲದೆ ಮೀನು ಹೇಗೆ ಹಿಡೀತೀರ?"

"ಹಿಡಿಯೋಕೆ ಬಂದಿದೀನಿ ಅಂತ ಯಾರು ಹೇಳಿದ್ದು?"

"ನಿಮ್ಮ ಲೈಸೆನ್ಸ್ ಹೇಳ್ತಿದೆ."

"ಅದು ಸರ್ಕಾರದ ಅಭಿಪ್ರಾಯ."

"ಮತ್ತೆ ನಿಮ್ಮದು?"

"ನೀನು ಸ್ವಲ್ಪ ಹಿಂದೆ ಸರಿ ಲಾಯರಮ್ಮ, ಬೀಸಬೇಕು."

ಅವರು ಮಾಡುತ್ತಿದ್ದದ್ದು ಫ್ಲೈ ಫಿಶಿಂಗ್. ಇದರಲ್ಲಿ ಎರೆಹುಳ, ಹಿಟ್ಟಿನುಂಡೆ ಯಾವುದೂ ಇಲ್ಲ. ಕೊಕ್ಕೆಗೆ ಗರಿ ಮತ್ತು ದಾರ ಸುತ್ತಿ ನೀರಿನ ಹುಳದ ವೇಷ ಹಾಕಿಸುತ್ತಾರೆ. ಅದನ್ನೇ ಫ್ಲೈ ಅನ್ನುವುದು. ಉದ್ದ ದಾರವನ್ನು ತಲೆಯ ಮೇಲೆ ಹಿಂದೆ ಮುಂದೆ ಬೀಸಿ, ಆ ಹುಳವನ್ನು ನೀರಿನ ಮೇಲೆ ತಾನಾಗಿ ಬಂದು ಕೂತಂತೆ ಇಳಿಸಬೇಕು. ನೋಡಲು ಬಹಳ ಚೆಂದ, ಬೇರೆಯವರು ಬೀಸಿದರೆ. ದೊಡ್ಡಮ್ಮ ಬೀಸಿದರೆ ಬಾತುಕೋಳಿಗಳು ಆಚೆ ದಡಕ್ಕೆ ವಲಸೆ ಹೋಗುತ್ತಿದ್ದವು. ಒಮ್ಮೆ ಹಿಂದಕ್ಕೆ ಹೋದ ದಾರ ವಾಕಿಂಗ್ ಬಂದಿದ್ದ ಒಬ್ಬರ ಕುತ್ತಿಗೆಗೆ ಮಾಲೆಯಂತೆ ಸುತ್ತಿಕೊಂಡಿತು. ದೊಡ್ಡಮ್ಮ ಕ್ಷಮೆ ಕೇಳಿ, ಬಿಡಿಸಿ, ನನ್ನ ಕಡೆ ತಿರುಗಿ ಹೇಳಿದರು: "ನೋಡು, ಕೊಕ್ಕೆ ಇದ್ದಿದ್ರೆ ಏನಾಗ್ತಿತ್ತು?"

ಅಸಲು ಕಥೆ ತಿಳಿದದ್ದು ದೊಡ್ಡಪ್ಪನಿಂದ. ಒಂದು ಶನಿವಾರ ಸೋನೆ ಹಿಡಿದು ನಾನೂ ಕಾರಿನಲ್ಲೇ ಉಳಿದಿದ್ದೆ.

ಅವರ ಮಗ ಅಭಿ, ನನಗಿಂತ ಒಂದು ವರ್ಷ ದೊಡ್ಡವನು, ಇಲ್ಲೇ ಹುಟ್ಟಿ ಬೆಳೆದವನು. ಲಾಕ್‌ಡೌನಿನಲ್ಲಿ ಕಾಲೇಜು ಮುಚ್ಚಿ ಮನೆಗೆ ಬಂದವನಿಗೆ ಈ ಫ್ಲೈ ಫಿಶಿಂಗಿನ ಹುಚ್ಚು ಹತ್ತಿತು. ಡೈನಿಂಗ್ ಟೇಬಲಿನ ತುಂಬ ಗರಿ, ದಾರ, ಕೊಕ್ಕೆ. ದಿನವಿಡೀ ಕೂತು ಕಟ್ಟಿದ್ದೇ ಕಟ್ಟಿದ್ದು. ಮಗ ರೂಮಿನಿಂದ ಹೊರಗೆ ಬಂದನಲ್ಲ ಎಂದು ದೊಡ್ಡಮ್ಮ ಅದನ್ನೂ ಸಹಿಸಿಕೊಂಡರು. ಚಳಿ ಶುರುವಾಗಿ ಕೊಳಕ್ಕೆ ಟ್ರೌಟ್ ಬಿಟ್ಟರು. ಒಂದು ಬೆಳಿಗ್ಗೆ ದೋಸೆ ಹಿಟ್ಟು ತೆಗೆಯಲೆಂದು ದೊಡ್ಡಮ್ಮ ಫ್ರಿಜ್ಜಿನ ಬಾಗಿಲು ತೆರೆದರೆ, ಹಿಟ್ಟಿನ ಪಾತ್ರೆಗೆ ಒರಗಿಕೊಂಡು, ಕಣ್ಣು ಬಿಟ್ಟುಕೊಂಡು, ಒಂದು ಮೀನು ಇವರನ್ನೇ ನೋಡುತ್ತಿತ್ತು.

"ಆಮೇಲೆ?" ಎಂದೆ.

"ಆಮೇಲೇನು, ಆ ಹಿಟ್ಟು ಹೋಯ್ತು. ಪಾತ್ರೆನೂ ಹೋಯ್ತು. ಫ್ರಿಜ್ ಎಸೆಯೋದು ಒಂದು ಬಾಕಿ ಇತ್ತು, ಅದನ್ನ ನಾನು ಹಿಡ್ಕೊಂಡೆ."

ಆದರೆ ದೊಡ್ಡಮ್ಮ ಕೂಗಾಡಲಿಲ್ಲವಂತೆ. ಅದೇ ಕೆಟ್ಟದ್ದಾಯಿತು. ಅಭಿ ನಿದ್ದೆಯಿಂದ ಏಳುವುದರೊಳಗೆ ಟೂಲ್ ಬಾಕ್ಸಿನಿಂದ ಕಟಿಂಗ್ ಪ್ಲೇಯರ್ ತಂದು, ಅವನು ತಿಂಗಳುಗಟ್ಟಲೆ ಕೂತು ಕಟ್ಟಿದ್ದ ಒಂದೊಂದು ಫ್ಲೈಯ ಕೊಕ್ಕೆಯನ್ನೂ ಕತ್ತರಿಸಿ, ಮತ್ತೆ ಮೊದಲಿದ್ದ ಹಾಗೆಯೇ ಡಬ್ಬಿಯಲ್ಲಿ ಜೋಡಿಸಿಟ್ಟರು. ಮೀನಿಗೂ ನೋವಿಲ್ಲ, ಮಗನ ಆಟವೂ ನಿಲ್ಲಲಿಲ್ಲ, ಎಂಥ ಒಳ್ಳೆ ಪರಿಹಾರ ಎಂದು ಅವರ ಲೆಕ್ಕ. ಅಭಿ ಕೊಳದ ದಡದಲ್ಲಿ ಡಬ್ಬಿ ತೆರೆದು ನೋಡಿದ. ಮನೆಗೆ ಬಂದು ರಾಡನ್ನು ಗ್ಯಾರೇಜಿನಲ್ಲಿ ಒರಗಿಸಿದ. ಓದು ಮುಗಿದದ್ದೇ ದೂರದ ಉತ್ತರ ಗಡಿಯ ಮೊಂಟಾನಾದಲ್ಲಿ ಕೆಲಸ ಹುಡುಕಿಕೊಂಡು ಹೊರಟುಹೋದ. ಫೋನ್ ಮಾಡಿದರೆ ‘ಐ ಆಮ್ ಗುಡ್’ ಅನ್ನುತ್ತಾನೆ. ಮನೆಗೆ ಬಾ ಅಂದರೆ ‘ವಿಲ್ ಸೀ’ ಅನ್ನುತ್ತಾನೆ.

"ಅವನು ಹೋದ್ಮೇಲೆ ಇವಳು ಆ ರಾಡ್ ಎತ್ಕೊಂಡ್ಳು," ಎಂದರು ದೊಡ್ಡಪ್ಪ, ವೈಪರ್ ಒಮ್ಮೆ ಆಡಿಸಿ. "ಅವನು ಅದ್ರಲ್ಲಿ ಏನು ನೋಡ್ತಿದ್ದ ಅಂತ ನೋಡ್ಬೇಕಂತೆ."

ಗಾಜಿನಾಚೆ ಸೋನೆಯಲ್ಲಿ ಮಂಕಿ ಕ್ಯಾಪೊಂದು ಒಂದೇ ಸಮನೆ ದಾರ ಬೀಸುತ್ತಿತ್ತು. ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಒಬ್ಬರನ್ನೊಬ್ಬರು ಕೇಳದ ಪ್ರಶ್ನೆ ಒಂದೇ: ಅಭಿ ಮನೆಗೆ ಬರುತ್ತಾನೋ ಇಲ್ಲವೋ?

ಕತ್ತರಿಸಿದ ಫ್ಲೈಗಳು ನೀರಿನಲ್ಲಿ ನೆನೆದು ನೆನೆದು ಬಿಚ್ಚಿಹೋದ ಮೇಲೆ ದೊಡ್ಡಮ್ಮ ತಾವೇ ಕಟ್ಟಲು ಶುರು ಮಾಡಿದರು. ಬಲ್ಲವರು ಇದಕ್ಕೆಂದೇ ಟೇಬಲ್ಲಿಗೆ ಒಂದು ಪುಟ್ಟ ಇಕ್ಕಳ ಬಿಗಿದುಕೊಳ್ಳುತ್ತಾರೆ. ದೊಡ್ಡಮ್ಮನಿಗೆ ಅದರ ಗೊಡವೆಯಿಲ್ಲ. ಸೋಫಾದ ಮೇಲೆ ಕಾಲು ಚಾಚಿ, ದಾರವನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ಮಲ್ಲಿಗೆ ಕಟ್ಟುವ ಗಂಟು ಹಾಕಿ ಗರಿ ಕಟ್ಟುತ್ತಿದ್ದರು. ದಾರ ಹಳೆ ರೇಷ್ಮೆ ಸೀರೆಯ ಸೆರಗಿನದು. ಗರಿ, ಬಾತುಕೋಳಿ ತಾನಾಗಿ ಉದುರಿಸಿದ್ದೇ ಆಗಬೇಕು. ಎಲ್ ಸೆಗುಂಡೋದ ಆಫೀಸಿನ ಮೀಟಿಂಗುಗಳು ಕ್ಯಾಮೆರಾ ಆಫ್ ಆಗಿ ನಡೆಯುತ್ತಿದ್ದ ಕಾಲ ಅದು. ಅತ್ತ ಯಾರೋ ಆಂಟೆನಾದ ಬಗ್ಗೆ ಗಂಭೀರವಾಗಿ ಮಾತಾಡುತ್ತಿದ್ದರೆ ಇತ್ತ ದೊಡ್ಡಮ್ಮನ ಕಾಲ್ಬೆರಳಿನಿಂದ ಒಂದು ಹುಳ ಹುಟ್ಟುತ್ತಿತ್ತು. ಬೇರೆಯವರು ಫ್ಲೈಗಳನ್ನು ಟೋಪಿಗೆ ಚುಚ್ಚಿಕೊಂಡು ಓಡಾಡುತ್ತಾರೆ. ಇವರವಕ್ಕೆ ಚುಚ್ಚಿಕೊಳ್ಳಲು ಏನಿದೆ? ಹಾಗಾಗಿ ಕುಂಕುಮದ ಭರಣಿಯಲ್ಲಿ ತುಂಬಿಟ್ಟುಕೊಳ್ಳುತ್ತಿದ್ದರು. ಅವರ ಹುಳಗಳೆಲ್ಲ ಅರಿಶಿನ ಕುಂಕುಮಕ್ಕೆ ಹೋಗಿ ಬಂದವರಂತೆ ಚೂರು ಕೆಂಪಗಿರುತ್ತಿದ್ದವು.

ಒಮ್ಮೆ ಲೈಸೆನ್ಸ್ ತಪಾಸಣೆಗೆ ಬಂದ ಅಧಿಕಾರಿ ದೊಡ್ಡಮ್ಮನ ದಾರದ ತುದಿಯನ್ನು ಹಿಡಿದು ತಿರುಗಿಸಿ ನೋಡಿದ.

"ಇದರ ಕೊಕ್ಕೆ ಎಲ್ಲಿ ಮೇಡಂ?"

"ಹಾಕಿಲ್ಲ."

"ಹಾಗಾದರೆ ನಿಮ್ಮದು ಫಿಶಿಂಗೇ ಅಲ್ಲವಲ್ಲ. ಲೈಸೆನ್ಸ್ ಏಕೆ ಬೇಕು?"

ನಾನು ಒಂದು ವರ್ಷದಿಂದ ಹೇಳುತ್ತಿದ್ದದ್ದೂ ಇದನ್ನೇ ತಾನೇ? ಆದರೆ ದೊಡ್ಡಮ್ಮನ ಮುಖ ಸಣ್ಣಗಾದದ್ದು ನೋಡಿ ನನ್ನ ಬಾಯಿ ನನ್ನ ಅಪ್ಪಣೆಯನ್ನೂ ಕೇಳದೆ ಎದ್ದು ನಿಂತಿತು. "ಸರ್, ಇಲ್ಲಿ ಸಾಲಾಗಿ ನಿಂತವರಲ್ಲಿ ಬೆಳಗಿನಿಂದ ಯಾರಿಗೂ ಮೀನು ಸಿಕ್ಕಿಲ್ಲ. ಆದರೂ ಅವರದು ಫಿಶಿಂಗ್ ಎಂದು ನೀವು ಒಪ್ಪುತ್ತೀರಿ. ಅಂದರೆ ಮೀನು ಸಿಗದಿರುವುದು ಅನರ್ಹತೆಯಲ್ಲ. ಹಾಗಿದ್ದರೆ, ಸಿಗುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡ ಪ್ರಾಮಾಣಿಕತೆಗೆ ಇವರೊಬ್ಬರಿಗೇ ಏಕೆ ಶಿಕ್ಷೆ?" ಆತ ಲೈಸೆನ್ಸನ್ನು ದೊಡ್ಡಮ್ಮನ ಕೈಗೆ ಮರ್ಯಾದೆಯಿಂದ ವಾಪಸು ಕೊಟ್ಟು, ‘ಗುಡ್ ಲಕ್’ ಹೇಳಿ ಹೋದ.

"ಹಾಗಾದ್ರೆ ಒಪ್ಕೊಂಡೆ, ಇದು ಫಿಶಿಂಗ್ ಅಂತ," ಎಂದರು ದೊಡ್ಡಮ್ಮ ಕಾರಿನಲ್ಲಿ.

"ಅದು ನಿಮ್ಮ ಪರ ವಕಾಲತ್ತು. ನನ್ನ ಅಭಿಪ್ರಾಯ ಅಲ್ಲ."

"ಗೆದ್ದಿದ್ದು ಯಾವುದು?"

ನನ್ನ ವಾದಜೀವನದಲ್ಲಿ ನನ್ನನ್ನು ನಾನೇ ಸೋಲಿಸಿದ್ದು ಅದೊಂದೇ ಸಲ. ದೊಡ್ಡಪ್ಪ ಕಾಮೆಂಟರಿಯ ಸದ್ದು ಜಾಸ್ತಿ ಮಾಡಿದರು.

ಆಮೇಲೆ ನನಗೆ ಸ್ಯಾನ್ ಡಿಯಾಗೋ ಪಕ್ಕದ ಪೊವೇಯಲ್ಲಿ ಕೆಲಸ ಸಿಕ್ಕಿತು. ಮನೆ ನೋಡಲು ಬಂದ ದೊಡ್ಡಮ್ಮ ಹಾಲು ಉಕ್ಕಿಸಿ, ಅದು ಒಲೆಯ ಮೇಲೆ ಚೆಲ್ಲಿದ್ದನ್ನು ಒರೆಸುವುದರೊಳಗೆ, "ಇಲ್ಲಿ ಕೊಳ ಎಲ್ಲಿದೆ?" ಎಂದರು. ಹೋದೆವು. ಸ್ಯಾನ್ ಡಿಯಾಗೋ ಕಡೆಯ ಮೀನುಗಳು ಮೈಗಳ್ಳರು ಎಂದು ಅವರು ತೀರ್ಪು ಕೊಡುತ್ತಿದ್ದಂತೆಯೇ ದಾರ ಸರಕ್ಕನೆ ಬಿಗಿಯಿತು. ರಾಡಿನ ತುದಿ ಬಾಗಿತು. ಒಂದು ಉಸಿರಿನಷ್ಟು ಹೊತ್ತು ಇರಬೇಕು. ಆಮೇಲೆ ದಾರ ಸಡಿಲವಾಯಿತು.

"ಹಿಡ್ಕೊಂಡಿತ್ತು ಕಣೇ," ಎಂದರು. ಧ್ವನಿ ಅವರದೇ ಅನ್ನಿಸಲಿಲ್ಲ. "ಅದೇ ಬಂದು ಹಿಡ್ಕೊಂಡಿತ್ತು."

"ಬಿಟ್ಟು ಹೋಯ್ತಲ್ಲ ದೊಡ್ಡಮ್ಮ."

"ಹೋಗ್ಲಿ ಬಿಡು. ಬಂದಿತ್ತಲ್ಲ."

ಫೋನ್ ತೆಗೆದು ಖಾಲಿ ನೀರಿನ ಒಂದು ಫೋಟೋ ಹೊಡೆದು ಅಭಿಗೆ ಕಳಿಸಿದರು. ಒಂದಕ್ಷರವನ್ನೂ ಬರೆಯಲಿಲ್ಲ. ಸಂಜೆ ಅವನಿಂದ ಒಂದು ಹೆಬ್ಬೆಟ್ಟಿನ ಚಿತ್ರ ಬಂತು. ಆ ಹೆಬ್ಬೆಟ್ಟನ್ನು ದೊಡ್ಡಮ್ಮ ದೊಡ್ಡಪ್ಪನಿಗೆ ತೋರಿಸಿದರು, ನನಗೆ ತೋರಿಸಿದರು, ಬೆಂಗಳೂರಿನ ನನ್ನ ಅಮ್ಮನಿಗೆ ವಾಟ್ಸಾಪಿನಲ್ಲಿ ಕಳಿಸಿದರು. ಅಂದಿನಿಂದ ಮಗನಿಗೆ ಅವರು ‘ಊಟ ಆಯ್ತಾ, ಯಾವಾಗ ಬರ್ತೀಯ’ ಎಂದು ಕೇಳುವುದನ್ನು ನಿಲ್ಲಿಸಿಬಿಟ್ಟರು. ಶನಿವಾರಕ್ಕೊಂದು ನೀರಿನ ಫೋಟೋ, ಅಷ್ಟೇ. ಹೆಬ್ಬೆಟ್ಟುಗಳ ಜೊತೆಗೆ ಒಂದೊಂದು ಮಾತೂ ಬರತೊಡಗಿತು: ನೀರು ತಣ್ಣಗಿದೆಯಾ, ಗಾಳಿ ಯಾವ ಕಡೆಯಿಂದ, ಎಂದು.

ಕಳೆದ ವರ್ಷ ದೀಪಾವಳಿ ಕಳೆದ ಮೇಲೆ ಸೆರಿಟೋಸ್‌ಗೆ ಹೋದಾಗ ದೊಡ್ಡಮ್ಮನ ಬೆರಳುಗಳ ತುಂಬ ಬ್ಯಾಂಡ್‌ಏಡ್.

"ಏನಾಯ್ತು?"

"ಈರುಳ್ಳಿ ಹೆಚ್ಚುವಾಗ."

ಆವತ್ತು ಏಕಾದಶಿ. ಆ ಅಡುಗೆಮನೆಯಲ್ಲಿ ಈರುಳ್ಳಿಗೆ ಪ್ರವೇಶವೇ ಇಲ್ಲದ ದಿನ. ಸಾಕ್ಷ್ಯ ನನ್ನ ಕಡೆಗಿತ್ತು. ಆದರೂ ನಾನು ಕೇಸು ಮುಂದುವರಿಸಲಿಲ್ಲ. ಯಾಕೆಂದರೆ ಅದೇ ಉಸಿರಿನಲ್ಲಿ ದೊಡ್ಡಮ್ಮ, "ಥ್ಯಾಂಕ್ಸ್‌ಗಿವಿಂಗ್ ರಜಕ್ಕೆ ಅಭಿ ಬರ್ತಾನಂತೆ," ಎಂದರು, ಬೋಲ್ಟ್ ಬಿಗಿಯಾಗಿದೆ ಎಂದು ವರದಿ ಮಾಡುವವರಂತೆ.

ಬಂದ. ಗಡ್ಡ ಬಿಟ್ಟಿದ್ದ. ಶನಿವಾರ ಬೆಳಿಗ್ಗೆ ತನ್ನ ಹೊಸ ರಾಡನ್ನು ಅವನಾಗಿಯೇ ಕಾರಿಗೆ ಹಾಕಿದ. ಕೊಳದ ದಡದಲ್ಲಿ ತಾಯಿ ಮಗ ನಡುವೆ ಒಂದು ಬೆಂಚಿನಷ್ಟು ಜಾಗ ಬಿಟ್ಟು ನಿಂತರು. ಬಾತುಕೋಳಿಗಳು ಹಳೆಯ ಅನುಭವದ ಮೇಲೆ ಆಚೆ ದಡಕ್ಕೆ ಹೊರಟವು.

ದೊಡ್ಡಮ್ಮ ಸ್ವೆಟರಿನ ಜೇಬಿನಿಂದ ಒಂದು ಡಬ್ಬಿ ತೆಗೆದು ಅವನ ಮುಂದೆ ಹಿಡಿದರು. ಅವನಿಗೆ ಗುರುತು ಹತ್ತಿತು, ಅದು ಅವನದೇ ಹಳೆಯ ಫ್ಲೈ ಡಬ್ಬಿ. ತೆರೆದ. ತುಂಬ ಫ್ಲೈಗಳು. ರೇಷ್ಮೆ ದಾರ, ಬಾತಿನ ಗರಿ, ಮಲ್ಲಿಗೆಯ ಗಂಟು. ಮತ್ತು ಪ್ರತಿಯೊಂದಕ್ಕೂ ಕೊಕ್ಕೆ. ಪೂರ್ತಿ, ಬಾಗಿದ, ಚೂಪಾದ ಕೊಕ್ಕೆ.

"ಯು ಮೇಡ್ ದೀಸ್?"

"ನಿಂದನ್ನ ಹಾಳು ಮಾಡಿದ್ನಲ್ಲ. ಅಷ್ಟೂ ಇದೆ. ಟೆಸ್ಟ್ ಮಾಡಿ ನೋಡ್ಕೊ."

ಫ್ರಿಜ್ಜಿನಲ್ಲಿ ಮೀನು ಕಂಡು ದೋಸೆ ಹಿಟ್ಟಿನ ಪಾತ್ರೆಯನ್ನೇ ಎಸೆದ ಹೆಂಗಸು! ಅಭಿ ಒಂದು ಕೊಕ್ಕೆಯ ಮೊನೆಯನ್ನು ಹೆಬ್ಬೆರಳಿನ ಉಗುರಿಗೆ ಒತ್ತಿ ನೋಡಿದ. ಆಮೇಲೆ ಬ್ಯಾಂಡ್‌ಏಡ್ ಸುತ್ತಿದ್ದ ಅವರ ಕೈ ನೋಡಿದ. ಡಬ್ಬಿ ಮುಚ್ಚಿ, ಜಾಕೆಟ್ಟಿನ ಒಳಜೇಬಿಗೆ ಹಾಕಿ, ಜಿಪ್ ಎಳೆದುಕೊಂಡ.

"ಅಮ್ಮ," ಎಂದ, ತುಕ್ಕು ಹಿಡಿದ ಕನ್ನಡದಲ್ಲಿ. "ನಿಂದು ಒಂದು ಕೊಡು."

ದೊಡ್ಡಮ್ಮ ತಮ್ಮ ರಾಡನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. ಕುಂಕುಮದ ಭರಣಿ ತೆಗೆಯಲು ಹೋದರೆ ಮುಚ್ಚಳ ಬರಲೊಲ್ಲದು. ಅವನೇ ತೆಗೆದ. ಕೆಂಪಗಿದ್ದ ಒಂದು ಹುಳವನ್ನು ಆರಿಸಿ ದಾರಕ್ಕೆ ಕಟ್ಟಿ ಬೀಸಿದ. ಹಾಗೆ ಬೀಸುವುದನ್ನು ನಾನು ಆ ಕೊಳದಲ್ಲಿ ನೋಡಿಯೇ ಇರಲಿಲ್ಲ. ದಾರ ಗಾಳಿಯಲ್ಲಿ ಒಂದು ಗಳಿಗೆ ನಿಂತು, ಹುಳ ನೀರಿನ ಮೇಲೆ ಸದ್ದಿಲ್ಲದೆ ಕೂತಿತು. ಎಷ್ಟು ಹೊತ್ತಿನ ಮೇಲೋ ನೀರು ಕಲಕಿ, ರಾಡಿನ ತುದಿ ಬಾಗಿತು. ಅವನ ಮೊಣಕೈ ಅಭ್ಯಾಸಬಲದಿಂದ ಮಡಚಿಕೊಂಡಿತು.

"ಎಳೀಬೇಡ ಕಣೋ."

"ಗೊತ್ತು ಅಮ್ಮ."

ನಡುವಿನ ಬೆಂಚಿನಷ್ಟು ಜಾಗ ಯಾವಾಗ ಮಾಯವಾಯಿತೋ ಗಮನಿಸಲಿಲ್ಲ. ಇಬ್ಬರೂ ಬಾಗಿದ ಆ ತುದಿಯನ್ನೇ ನೋಡುತ್ತಾ ನಿಂತಿದ್ದರು.

ಅಷ್ಟರಲ್ಲಿ ಹಿಂದಿನಿಂದ ಹಾರ್ನ್. ದೊಡ್ಡಪ್ಪನ ಅವರೆಕಾಳು ಮುಗಿದಿರಬೇಕು. ಮೀನು ಬೆದರೀತೆಂದು ನಾನು ಕಾರಿನತ್ತ ಓಡಿದೆ. ಅವರು ಗಾಜನ್ನು ನಾಲ್ಕು ಬೆರಳಷ್ಟು ಇಳಿಸಿದರು.

"ಹಿಡಿದ್ರಾ?"

ಕೊಕ್ಕೆಯಿಲ್ಲದ ಗಾಳದಿಂದ ಮೀನು ಹಿಡಿಯಲಾಗದು ಎಂಬ ನನ್ನ ವಾದದಲ್ಲಿ ಇವತ್ತಿಗೂ ಒಂದು ತಪ್ಪಿಲ್ಲ.

"ಹಿಡಿದ್ರು ದೊಡ್ಡಪ್ಪ," ಎಂದೆ.

ಅವರು ಕಾಮೆಂಟರಿ ಆರಿಸಿ, ಮಫ್ಲರನ್ನೂ ಸುತ್ತಿಕೊಳ್ಳದೆ ಕಾರಿನಿಂದ ಇಳಿದರು.